ಎಲ್ಲದಿ? ಯಾರ ಜೋಡಿ ಅದಿ? ಪ್ರೀತಿ, ಶಕ್ ಮತ್ತು ಮೊಬೈಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಕಾಲೇಜು, ಹಾಸ್ಟೆಲ್‌ಗಳಲ್ಲಿ ಹುಡುಗ ಹುಡುಗಿಯರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಮಾತು ಮುಗಿದ ಮೇಲೆ ಒಂದು ಡಬ್ಬಿ ಇಡುತ್ತೇನೆ. ಹೆಸರು ಬರೆಯದೆ ಚೀಟಿ ಹಾಕಿ ಅನ್ನುತ್ತೇನೆ. ಕೈ ಎತ್ತಿ ಯಾರೂ ಕೇಳದ ಪ್ರಶ್ನೆಗಳು ಆ ಡಬ್ಬಿಯಲ್ಲಿ ಸಿಗುತ್ತವೆ. ಜೇವರ್ಗಿ, ಆಳಂದ, ಚಿತ್ತಾಪುರ, ಸೇಡಂ ಕಡೆಯಿಂದ ದಿನಾ ಬಸ್ಸಿಗೆ ಬರುವವರು, ಪಿ.ಜಿ.ಯಲ್ಲಿ ಇರುವವರು, ಮನೆ ಬಿಟ್ಟು ಮೊದಲ ಸಲ ಹೊರಗೆ ಕಾಲಿಟ್ಟವರು ಬರೆದ ಚೀಟಿಗಳು ಅವು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬರೆದವರ ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಹೊಟ್ಟೆಕಿಚ್ಚು ಇದ್ದರೇನೇ ಪ್ರೀತಿ ಅಲ್ವಾ?

ಹೊಟ್ಟೆಕಿಚ್ಚು ಎಲ್ಲರಿಗೂ ಬರುತ್ತದೆ. ನಿಮ್ಮ ಹುಡುಗಿ ಬೇರೊಬ್ಬನ ಜೊತೆ ನಗುನಗುತ್ತಾ ಮಾತಾಡಿದರೆ ಹೊಟ್ಟೆಯಲ್ಲಿ ಏನೋ ಕಲಕಿದಂತೆ ಆಗುತ್ತದೆ. ಅದು ತಪ್ಪಲ್ಲ, ನಾಚಿಕೆ ಪಡುವ ವಿಷಯವೂ ಅಲ್ಲ. ಆದರೆ ಅದನ್ನು ಪ್ರೀತಿಯ ಅಳತೆ ಮಾಡಿಕೊಳ್ಳಬೇಡಿ. ಕಳೆದುಕೊಳ್ಳುವ ಭಯದಿಂದ ಹುಟ್ಟುವ ಕಿಚ್ಚು ಅದು. ಪ್ರೀತಿ ಇಲ್ಲದ ಕಡೆಯೂ ಆ ಭಯ ಇರುತ್ತದೆ. ಹೊಲದ ಬದುವಿಗಾಗಿ ಅಣ್ಣ ತಮ್ಮಂದಿರು ಕಚ್ಚಾಡುವುದನ್ನು ನೀವು ನೋಡಿಲ್ವಾ?

ಕಿಚ್ಚು ಬಂದಾಗ ನೀವು ಏನು ಮಾಡುತ್ತೀರಿ ಅನ್ನುವುದೇ ಮುಖ್ಯ. "ನಿನ್ನೆ ನನಗೆ ಸ್ವಲ್ಪ ಬೇಜಾರಾಯ್ತು" ಅಂತ ಹೇಳಿಕೊಳ್ಳುವುದು ಒಂದು ದಾರಿ. "ಅವನ ನಂಬರ್ ಈಗಲೇ ಬ್ಲಾಕ್ ಮಾಡು, ನನ್ನ ಮುಂದೇನೇ ಮಾಡು" ಅನ್ನುವುದು ಇನ್ನೊಂದು ದಾರಿ. ನಮ್ಮ ಕಡೆ ಇದಕ್ಕೆ ‘ಶಕ್ ಮಾಡೋದು’ ಅಂತಾರೆ, ಶಕ್ ಅಂದರೆ ಅನುಮಾನ. ಎಷ್ಟು ಸರಿಯಾದ ಮಾತು ನೋಡಿ. ಶಕ್ ತಾನಾಗಿ ಬರಬಹುದು, ‘ಮಾಡೋದು’ ಮಾತ್ರ ನಮ್ಮ ಕೈಯಲ್ಲಿದೆ.

ದಿನಕ್ಕೆ ನಲವತ್ತು ಸಲ "ಎಲ್ಲದಿ? ಯಾರ ಜೋಡಿ ಅದಿ?" ಅಂತ ಕೇಳುತ್ತಾನೆ. ಇದು ಕಾಳಜಿನಾ, ಕಾವಲಾ?

ಡಬ್ಬಿಯಲ್ಲಿ ಅತಿ ಜಾಸ್ತಿ ಬರುವ ಪ್ರಶ್ನೆ ಇದೇ. ಬೇರೆ ಬೇರೆ ಕೈಬರಹದಲ್ಲಿ, ಹೆಚ್ಚು ಕಡಿಮೆ ಇದೇ ಶಬ್ದಗಳಲ್ಲಿ.

ಎಷ್ಟು ಸಲ ಕೇಳಿದ ಅಂತ ಎಣಿಸಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಅವ್ವನೂ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ನಾನು ಎಲ್ಲರಿಗೂ ಒಂದೇ ಪರೀಕ್ಷೆ ಹೇಳಿಕೊಡುತ್ತೇನೆ. ಒಮ್ಮೆ "ಬೇಡ" ಅಂದು ನೋಡಿ. ಸಣ್ಣ ವಿಷಯಕ್ಕೆ ಸಾಕು. "ಈಗ ಫೋಟೊ ಕಳಿಸಲ್ಲ, ಕ್ಲಾಸಿನಲ್ಲಿದ್ದೀನಿ." "ಇವತ್ತು ರಾತ್ರಿ ಬೇಗ ಮಲಗ್ತೀನಿ, ಫೋನ್ ಬೇಡ." ಆಮೇಲೆ ಏನಾಗುತ್ತದೆ ಅಂತ ಗಮನಿಸಿ.

ಕಾಳಜಿ ಇರುವವನು ಸ್ವಲ್ಪ ಮುಖ ಸಪ್ಪಗೆ ಮಾಡಬಹುದು, ಆದರೆ ಸುಮ್ಮನಾಗುತ್ತಾನೆ. ಮರುದಿನ ಅದೇ ವಿಷಯ ಎತ್ತುವುದಿಲ್ಲ. ಕಾವಲು ಕಾಯುವವನಿಗೆ ನಿಮ್ಮ "ಬೇಡ" ಒಂದು ಅಪರಾಧ. ಅವನು ಕೂಗಾಡುತ್ತಾನೆ, ಇಲ್ಲವೇ ಎರಡು ದಿನ ಮಾತು ಬಿಡುತ್ತಾನೆ. ನಿಮ್ಮ ಗೆಳತಿಗೆ ಫೋನ್ ಹಚ್ಚಿ ವಿಚಾರಿಸುತ್ತಾನೆ. ಕಾಲೇಜಿನ ಗೇಟಿನ ಮುಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಾನೆ. ಕೊನೆಗೆ "ಸಾರಿ" ಕೇಳುವವರು ಮಾತ್ರ ನೀವೇ ಆಗಿರುತ್ತೀರಿ.

ಒಬ್ಬ ಹುಡುಗಿ ಶರಣಬಸವೇಶ್ವರರ ಜಾತ್ರೆಗೆ ಅಕ್ಕನ ಜೊತೆ ಹೋಗಿದ್ದಳು. ರಥೋತ್ಸವದ ದಿನ ಆ ಜನಸಾಗರದಲ್ಲಿ ನೆಟ್‌ವರ್ಕ್ ಹತ್ತಲಿಲ್ಲ. ಮೂರು ತಾಸು ಆದ ಮೇಲೆ ಫೋನಿಗೆ ಜೀವ ಬಂತು. ಮಿಸ್ಡ್ ಕಾಲ್ 57. ಕೊನೆಯ ಮೆಸೇಜು, "ನೀನು ಸತ್ತಿದ್ದೀ ಅಂದುಕೊಂಡೆ, ಅಥವಾ ಯಾರದೋ ಜೋಡಿ ಇದ್ದೀ." ಅವಳು ನನಗೆ ಅದನ್ನು ತೋರಿಸಿ, "ನೋಡ್ರಿ, ಎಷ್ಟು ಚಿಂತಿ ಮಾಡ್ಯಾನ" ಅಂದಳು. ನಾನು ಕೇಳಿದ್ದು ಇಷ್ಟೇ: ನೀನು ಸುರಕ್ಷಿತವಾಗಿದ್ದೀ ಅಂತ ಗೊತ್ತಾದ ಮೇಲೆ ಅವನಿಗೆ ಸಮಾಧಾನ ಆಯ್ತಾ, ಸಿಟ್ಟು ಬಂತಾ? ಅವಳು ಬಹಳ ಹೊತ್ತು ಮಾತಾಡಲಿಲ್ಲ. ಅವತ್ತು ಅವನು ಅವಳಿಂದ ಅಕ್ಕನಿಗೆ ಫೋನ್ ಕೊಡಿಸಿ, ಜೊತೆಯಲ್ಲಿ ಇದ್ದದ್ದು ಅಕ್ಕನೇ ಅಂತ ಸಾಕ್ಷಿ ಹೇಳಿಸಿದ್ದ.

"ಮುಚ್ಚಿಡೋದು ಏನೂ ಇಲ್ಲ ಅಂದ್ರೆ ಪಾಸ್‌ವರ್ಡ್ ಕೊಡು" ಅಂತಾರೆ. ಏನು ಹೇಳಲಿ?

ಕೊಡಬೇಡಿ. ಕೇಳಿದವರು ಎಷ್ಟೇ ಒಳ್ಳೆಯವರಾಗಿರಲಿ.

ಮುಚ್ಚಿಡುವುದು ಬೇರೆ, ತನ್ನದು ಅಂತ ಒಂದು ಜಾಗ ಇಟ್ಟುಕೊಳ್ಳುವುದು ಬೇರೆ. ಬಚ್ಚಲಿನ ಬಾಗಿಲು ಹಾಕಿಕೊಳ್ಳುವವರೆಲ್ಲ ಕಳ್ಳತನ ಮಾಡುತ್ತಿರುವುದಿಲ್ಲ. ಈ ಹಕ್ಕನ್ನು ದೇಶದ ದೊಡ್ಡ ಕೋರ್ಟೇ ಒಪ್ಪಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದರು. ಸರ್ಕಾರದ ಎದುರು ಗೆದ್ದ ಹಕ್ಕು ಅದು. ಪ್ರೀತಿ ಮಾಡಿದ ಕೂಡಲೇ ಯಾಕೆ ಬಿಟ್ಟುಕೊಡಬೇಕು?

ಇನ್ನೊಂದು ಮಾತು. ನಿಮ್ಮ ಫೋನಿನಲ್ಲಿ ಇರುವುದು ನಿಮ್ಮ ಗುಟ್ಟು ಮಾತ್ರ ಅಲ್ಲ. ಗೆಳತಿ ಅತ್ತುಕೊಂಡು ಕಳಿಸಿದ ವಾಯ್ಸ್ ಮೆಸೇಜ್ ಇದೆ, ಅಣ್ಣನ ಸಾಲದ ಮಾತಿದೆ. ಅವರು ನಿಮ್ಮನ್ನು ನಂಬಿ ಹೇಳಿದ್ದು. "ನನ್ನದಾದರೆ ಕೊಡ್ತಿದ್ದೆ, ಅದರಾಗ ಬೇರೆಯವರದೂ ಅದ" ಅಂತ ಹೇಳಿ. ಇದು ನೆಪ ಅಲ್ಲ, ಸತ್ಯ.

ಈಗಾಗಲೇ ಕೊಟ್ಟಿದ್ದರೆ ಬದಲಾಯಿಸಿ. ಮೊದಲು ಇಮೇಲ್ ಪಾಸ್‌ವರ್ಡ್. ಉಳಿದವುಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಅಲ್ಲಿಗೇ. ಆಮೇಲೆ ಇನ್‌ಸ್ಟಾಗ್ರಾಂ, ಯುಪಿಐ ಪಿನ್, ಫೋನ್ ಲಾಕ್. ವಾಟ್ಸ್‌ಆಪ್‌ನಲ್ಲಿ ಟು ಸ್ಟೆಪ್ ವೆರಿಫಿಕೇಶನ್ ಹಾಕಿ.

ಲೈವ್ ಲೊಕೇಶನ್ ಹಂಚಿಕೊಳ್ಳುವುದು ತಪ್ಪಾ?

ತಪ್ಪಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಒಬ್ಬರೇ ಬರುವಾಗ ಲೊಕೇಶನ್ ಕಳಿಸಿದರೆ ಒಳ್ಳೆಯದೇ. ಆಳಂದ ರಸ್ತೆಯಲ್ಲಿ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿ ಬರುವ ಹುಡುಗಿಯರು ಸಂಜೆ ತಡವಾದರೆ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಾರೆ. ಮನೆ ಮುಟ್ಟಿದ ಮೇಲೆ ನಿಲ್ಲಿಸುತ್ತಾರೆ.

ಈ ನಿಲ್ಲಿಸುವುದೇ ಮುಖ್ಯ. ವಾಟ್ಸ್‌ಆಪ್‌ನ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಗಡುವು ಇದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಹಾಗಲ್ಲ. ‘ನಾನಾಗಿ ಆಫ್ ಮಾಡುವವರೆಗೆ’ ಅನ್ನುವುದನ್ನು ಒತ್ತಿದರೆ ತಿಂಗಳುಗಟ್ಟಲೆ ನಡೆಯುತ್ತದೆ, ನಿಮಗೇ ಮರೆತುಹೋಗಿರುತ್ತದೆ. ಇವತ್ತೇ ಮ್ಯಾಪ್ಸ್ ತೆಗೆದು, ನಿಮ್ಮ ಫೋಟೊ ಒತ್ತಿ, ಲೊಕೇಶನ್ ಶೇರಿಂಗ್‌ನಲ್ಲಿ ಯಾರ ಹೆಸರಿದೆ ನೋಡಿ. ಸ್ನ್ಯಾಪ್‌ಚಾಟ್ ಬಳಸುವವರು ಮ್ಯಾಪಿನಲ್ಲಿ ಘೋಸ್ಟ್ ಮೋಡ್ ಹಾಕಿ.

ನನಗೆ ಅತಿ ಬೇಜಾರಾದ ಒಂದು ಚೀಟಿ ಇತ್ತು. "ಬಸ್ ಟಿಕೆಟ್ ಫೋಟೊ ಕಳಿಸಬೇಕು ಮೇಡಂ." 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಎಲ್ಲಿ ಹತ್ತಿದರು, ಎಲ್ಲಿಗೆ ಹೋಗುತ್ತಾರೆ, ಎಷ್ಟು ಗಂಟೆ, ಎಲ್ಲ ಅದರಲ್ಲಿ ಇರುತ್ತದೆ. ಹುಡುಗಿ ತಾನಾಗಿಯೇ ಓಡಾಡಲಿ ಅಂತ ಕೊಟ್ಟ ಚೀಟಿಯನ್ನು ಆ ಹುಡುಗ ಹಾಜರಿ ಪುಸ್ತಕ ಮಾಡಿಕೊಂಡಿದ್ದ.

ಬ್ಲೂ ಟಿಕ್ ಬಂದು ಹತ್ತು ನಿಮಿಷ ಆದರೂ ಉತ್ತರ ಕೊಡದಿದ್ದರೆ ಜಗಳ. ಏನು ಮಾಡೋದು?

ಬ್ಲೂ ಟಿಕ್ ಆಫ್ ಮಾಡಿ. ಲಾಸ್ಟ್ ಸೀನ್, ಆನ್‌ಲೈನ್ ಎರಡನ್ನೂ ಮುಚ್ಚಿಡಬಹುದು. ಆಗ ಬೇರೆಯವರದೂ ನಿಮಗೆ ಕಾಣುವುದಿಲ್ಲ, ಅದರಿಂದ ನಿಮ್ಮ ಮನಸ್ಸಿಗೂ ನೆಮ್ಮದಿ. ಆಫ್ ಮಾಡಿದ್ದಕ್ಕೇ ದೊಡ್ಡ ಜಗಳ ಆದರೆ, ಮೇಲೆ ಹೇಳಿದ ಪರೀಕ್ಷೆಗೆ ನಿಮಗೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ನಾನು ಏನೂ ಹೇಳದಿದ್ದರೂ ಅವನಿಗೆ ಎಲ್ಲ ಗೊತ್ತಾಗುತ್ತದೆ. ಹೇಗೆ?

ಮೊದಲು ನಾನು ವಾಪಸ್ ಕೇಳುವುದು: ಫೋನ್ ಯಾರು ಕೊಡಿಸಿದ್ದು? ಸೆಟ್ಟಿಂಗ್ ಯಾರು ಮಾಡಿಕೊಟ್ಟರು?

ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಮೊದಲ ಸ್ಮಾರ್ಟ್‌ಫೋನ್ ಪ್ರೀತಿಸಿದ ಹುಡುಗನೇ ಕೊಡಿಸಿರುತ್ತಾನೆ. ಮನೆಯವರಿಗೆ ಗೊತ್ತಿರುವುದಿಲ್ಲ, ಬ್ಯಾಗಿನ ತಳದಲ್ಲಿ ಇರುತ್ತದೆ. ಸಿಮ್ ಅವನ ಹೆಸರಿನಲ್ಲಿ, ರೀಚಾರ್ಜ್ ಅವನದು. ಗೂಗಲ್ ಖಾತೆಯನ್ನೂ ಅವನೇ ತೆರೆದಿರುತ್ತಾನೆ. ಹಾಗಿದ್ದರೆ ಅವನಿಗೆ ಬೇಹುಗಾರಿಕೆಯ ಆಪ್ ಕೂಡ ಬೇಕಿಲ್ಲ. ನೀವು ತೆಗೆದ ಫೋಟೊ ಬ್ಯಾಕಪ್ ಆಗಿ ಅವನು ತೆರೆದ ಖಾತೆಗೆ ಹೋಗುತ್ತದೆ. ಹೊಸ ನಂಬರ್ ಸೇವ್ ಮಾಡಿದರೆ ಅದೂ ಹೋಗುತ್ತದೆ. ಗೂಗಲ್‌ನ ಫೈಂಡ್ ಹಬ್ (ಮೊದಲು ಫೈಂಡ್ ಮೈ ಡಿವೈಸ್ ಅಂತಿತ್ತು) ತೆರೆದರೆ ಫೋನ್ ಎಲ್ಲಿದೆ ಅಂತ ಅವನಿಗೆ ಕಾಣುತ್ತದೆ.

ಎರಡನೆಯದು ವಾಟ್ಸ್‌ಆಪ್‌ನ ಲಿಂಕ್ಡ್ ಡಿವೈಸಸ್. ನಿಮ್ಮ ಫೋನ್ ಒಂದು ನಿಮಿಷ ಅವನ ಕೈಗೆ ಸಿಕ್ಕರೆ ಸಾಕು. ಕ್ಯುಆರ್ ಕೋಡ್ ಹಿಡಿದು ನಿಮ್ಮ ವಾಟ್ಸ್‌ಆಪ್ ಅನ್ನು ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿಕೊಳ್ಳಬಹುದು. ಒಂದು ನಂಬರಿಗೆ ಹೀಗೆ ನಾಲ್ಕು ಸಾಧನ ಜೋಡಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆಗೆಯಿರಿ. ಗುರುತಿಲ್ಲದ ಹೆಸರು ಕಂಡರೆ ಅದರ ಮೇಲೆ ಒತ್ತಿ ಲಾಗ್ ಔಟ್ ಮಾಡಬಹುದು. ಗೂಗಲ್ ಖಾತೆಯ ಸೆಕ್ಯುರಿಟಿಯಲ್ಲೂ ‘ನಿಮ್ಮ ಸಾಧನಗಳು’ ಅಂತ ಪಟ್ಟಿ ಇದೆ. ಇನ್‌ಸ್ಟಾಗ್ರಾಂನಲ್ಲೂ ಎಲ್ಲೆಲ್ಲಿ ಲಾಗಿನ್ ಆಗಿದೆ ಅಂತ ತೋರಿಸುತ್ತದೆ.

ಮೂರನೆಯದು ಕದ್ದು ಹಾಕಿದ ಆಪ್. ‘ಸಿಸ್ಟಮ್ ಸರ್ವಿಸ್’ ತರಹದ ಹೆಸರಿಟ್ಟುಕೊಂಡು ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆಕ್ಸೆಸ್, ಡಿವೈಸ್ ಅಡ್ಮಿನ್ ಈ ಮೂರು ಕಡೆ ಯಾವ ಆಪ್‌ಗೆ ಅನುಮತಿ ಇದೆ ನೋಡಿ. ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್‌ನಿಂದ ಒಮ್ಮೆ ಸ್ಕ್ಯಾನ್ ಮಾಡಿ.

ಇಲ್ಲಿ ದಯವಿಟ್ಟು ನಿಧಾನಿಸಿ. ಆಪ್ ತೆಗೆದ, ಲಾಗ್ ಔಟ್ ಮಾಡಿದ ತಕ್ಷಣ ಅವನಿಗೆ ಗೊತ್ತಾಗುತ್ತದೆ. ಅವನು ಕೈ ಮಾಡುವ ಮನುಷ್ಯನಾಗಿದ್ದರೆ, ಮೊದಲು ನಿಮ್ಮ ಕಡೆಯ ಒಬ್ಬರಿಗೆ ವಿಷಯ ಹೇಳಿ. ಅದೂ ಬೇರೆಯವರ ಫೋನಿನಿಂದ. ಕಂಡದ್ದನ್ನು ಆ ಬೇರೆ ಫೋನಿನಿಂದಲೇ ಫೋಟೊ ತೆಗೆದು ಇಟ್ಟುಕೊಳ್ಳಿ. ಸೆಟ್ಟಿಂಗ್ ಬದಲಾಯಿಸುವುದು ಅದಾದ ಮೇಲೆ.

ನಾನು ಹುಡುಗ. ಅವಳೇ ನನ್ನ ಫೋನ್ ಚೆಕ್ ಮಾಡುತ್ತಾಳೆ. ಹೇಳಿದರೆ ಗೆಳೆಯರು ನಗುತ್ತಾರೆ.

ನಾನು ನಗುವುದಿಲ್ಲ. ಇಂಥ ಚೀಟಿಗಳು ಬರುತ್ತವೆ. ನಾನು ಹೇಳುವುದೆಲ್ಲ ನಿಮಗೂ ಅನ್ವಯಿಸುತ್ತದೆ, "ಬೇಡ" ಅನ್ನುವ ಪರೀಕ್ಷೆಯೂ ಸೇರಿ. ಕಾನೂನಿನಲ್ಲಿ ಹಿಂಬಾಲಿಸುವ ಅಪರಾಧದ ಕಲಂ ಹೆಣ್ಣುಮಕ್ಕಳ ರಕ್ಷಣೆಗೆ ಬರೆದದ್ದು. ಆದರೆ ಪಾಸ್‌ವರ್ಡ್ ದುರುಪಯೋಗ, ಖಾಸಗಿ ಫೋಟೊ ಹಂಚುವುದು, ಬೆದರಿಕೆ, ಇವು ಯಾರು ಯಾರಿಗೆ ಮಾಡಿದರೂ ಅಪರಾಧ.

ಚೆಕ್ ಮಾಡುವವನು ನಾನೇ. ಬಿಡೋಕೆ ಆಗ್ತಿಲ್ಲ.

ಇದನ್ನು ಬರೆದವರಿಗೆ ನಮಸ್ಕಾರ. ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ ಇದು.

ನಿಮಗೆ ಏನಾಗುತ್ತಿದೆ ಅಂತ ಊಹಿಸಬಲ್ಲೆ. ರಾತ್ರಿ ಒಂದು ಗಂಟೆಗೆ ಅವಳು ಆನ್‌ಲೈನ್ ಇರುವುದು ಕಾಣುತ್ತದೆ. ಎದೆ ಬಡಿದುಕೊಳ್ಳುತ್ತದೆ. ಫೋನ್ ನೋಡಿದರೆ ಒಂದು ಗಳಿಗೆ ಸಮಾಧಾನ. ಆಮೇಲೆ ಮತ್ತೆ ಶುರು, ಮೊದಲಿಗಿಂತ ಜಾಸ್ತಿ. ತುರಿಕೆ ಇದ್ದ ಹಾಗೆ ಇದು, ಕೆರೆದಷ್ಟೂ ಹೆಚ್ಚುತ್ತದೆ. ನೂರು ಸಲ ನೋಡಿ ಏನೂ ಸಿಗದಿದ್ದರೂ "ಅಳಿಸಿರಬೇಕು" ಅಂತ ಮನಸ್ಸು ಹೇಳುತ್ತದೆ. ಪರಿಶೀಲನೆ ಮಾಡಿ ನಂಬಿಕೆ ಬಂದವರನ್ನು ನಾನು ಇನ್ನೂ ನೋಡಿಲ್ಲ.

ಕೆಲವು ಕೆಲಸ ಮಾಡಿ ನೋಡಿ. ಅವಳ ಚಾಟ್ ಮ್ಯೂಟ್ ಮಾಡಿ, ನಿಮ್ಮ ಲಾಸ್ಟ್ ಸೀನ್ ಆಫ್ ಮಾಡಿ. ಅವಳದೂ ಕಾಣುವುದಿಲ್ಲ. ಕೈ ಫೋನಿನ ಕಡೆ ಹೋದಾಗ ಎದ್ದು ಹೊರಗೆ ಹೋಗಿ, ಅಪ್ಪನ ಕೆರೆಯ ಸುತ್ತ ಒಂದು ಸುತ್ತು ಹಾಕಿ. ಇಪ್ಪತ್ತು ನಿಮಿಷಕ್ಕೆ ಆ ಅಲೆ ಇಳಿಯುತ್ತದೆ. ಇಳಿದ ಮೇಲೂ ಕೇಳಬೇಕು ಅನ್ನಿಸಿದರೆ ನೇರವಾಗಿ ಕೇಳಿ, ಅವಳ ಉತ್ತರ ಒಪ್ಪಿಕೊಳ್ಳಿ. ಒಪ್ಪಿಕೊಳ್ಳಲು ಆಗದಿದ್ದರೆ ಸಂಬಂಧ ಮುಗಿಸುವ ಹಕ್ಕು ನಿಮಗಿದೆ. ಕಾವಲು ಕಾಯುವ ಹಕ್ಕು ಇಲ್ಲ. ಮತ್ತೆ, ಒಮ್ಮೆಯಾದರೂ ಕೈ ಎತ್ತಿದ್ದರೆ ಇಂದೇ ಸಹಾಯ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಉಚಿತ, ದಿನದ ಯಾವ ಹೊತ್ತಿಗೂ, ಕನ್ನಡದಲ್ಲಿ ಮಾತಾಡಬಹುದು.

"ನನ್ನ ಬಿಟ್ಟರೆ ನಿನ್ನ ಫೋಟೊ ಎಲ್ಲರಿಗೂ ಕಳಿಸ್ತೀನಿ" ಅಂತಿದ್ದಾನೆ. ಫೋಟೊ ಕಳಿಸಿದ್ದು ನಾನೇ. ತಪ್ಪು ನನ್ನದೇ ಅಲ್ವಾ?

ಅಲ್ಲ. ನಂಬಿ ಕಳಿಸಿದ್ದು ಅಪರಾಧ ಅಲ್ಲ. ನಂಬಿಕೆ ಮುರಿದು ಹಂಚುವುದು ಅಪರಾಧ. ಕಾನೂನು ಇದನ್ನು ಬಿಡಿಸಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ, ಖಾಸಗಿ ಫೋಟೊ ತೆಗೆಯಲು ಹೆಣ್ಣುಮಗಳು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಹಂಚುವುದು ಅಪರಾಧವೇ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಐಟಿ ಕಾಯ್ದೆಯ 66ಇ ಕಲಂ ಕೂಡ ಇದೆ, ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ಹಂಚುವ ಮೊದಲೇ, ಬರೀ ಬೆದರಿಕೆ ಹಾಕಿದರೂ ದೂರು ಕೊಡಬಹುದು.

ಈಗ ಮಾಡಬೇಕಾದ್ದು. ಚಾಟ್ ಅಳಿಸಬೇಡಿ. ಹೆದರಿಕೆಯಲ್ಲಿ ಎಲ್ಲರೂ ಮೊದಲು ಅಳಿಸುತ್ತಾರೆ, ಸಾಕ್ಷಿ ಹೋಗುತ್ತದೆ. ನಂಬರ್, ತಾರೀಖು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ನಂಬಿಕೆಯ ಒಬ್ಬರ ಹತ್ತಿರ ಇಡಿ. ದುಡ್ಡು ಕೊಡಬೇಡಿ, ಇನ್ನೊಂದು ಫೋಟೊ ಕೊಡಬೇಡಿ, "ಒಮ್ಮೆ ಬಂದು ಭೇಟಿ ಆಗು, ನಿನ್ನ ಮುಂದೇನೇ ಡಿಲೀಟ್ ಮಾಡ್ತೀನಿ" ಅಂದರೆ ಹೋಗಬೇಡಿ. ಕೊಟ್ಟಷ್ಟೂ ಕೇಳುತ್ತಾನೆ.

ಫೋಟೊ ಇನ್ನೂ ಹೊರಗೆ ಬಂದಿಲ್ಲ ಅಂದರೂ ‘ಸ್ಟಾಪ್ ಎನ್‌ಸಿಐಐ’ ಅನ್ನುವ ಉಚಿತ ತಾಣ ಬಳಸಬಹುದು. 18 ತುಂಬಿದವರಿಗೆ. ಇದು ನಿಮ್ಮ ಫೋನಿನಲ್ಲೇ ಆ ಫೋಟೊದ ಒಂದು ಗುರುತು ಸಂಖ್ಯೆ ತಯಾರಿಸುತ್ತದೆ. ಹೊರಗೆ ಹೋಗುವುದು ಸಂಖ್ಯೆ ಮಾತ್ರ, ಫೋಟೊ ನಿಮ್ಮ ಹತ್ತಿರವೇ ಉಳಿಯುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದವು ಆ ಗುರುತಿನ ಫೋಟೊ ಕಂಡರೆ ತಡೆಯುತ್ತವೆ. 18 ಆಗದವರಿಗೆ ‘ಟೇಕ್ ಇಟ್ ಡೌನ್’ ಅಂತ ಇಂಥದ್ದೇ ಇನ್ನೊಂದು ತಾಣ ಇದೆ.

ಫೋಟೊ ನನ್ನದಲ್ಲ, ಮುಖ ಮಾತ್ರ ನನ್ನದು. ಎಐ ಬಳಸಿ ಮಾಡಿದ್ದಾನೆ.

ಇದಕ್ಕೂ ದೂರು ಕೊಡಬಹುದು, ಕೊಡಬೇಕು. ಸಾಕ್ಷಿ ಇಡುವ ದಾರಿ, ದೂರಿನ ದಾರಿ ಎರಡೂ ಅದೇ. ಗೆಳತಿಯರಿಗೆ ಮೊದಲೇ ಹೇಳಿಬಿಡಿ, "ಇಂಥದ್ದು ಬಂದರೆ ಅದು ಸುಳ್ಳು, ತೆರೆಯಬೇಡಿ, ಮುಂದೆ ಕಳಿಸಬೇಡಿ." ಅವನ ಬಲ ಇರುವುದು ನೀವು ನಾಚಿಕೊಂಡು ಸುಮ್ಮನಿರುತ್ತೀರಿ ಅನ್ನುವ ಲೆಕ್ಕದಲ್ಲಿ.

ನನಗೆ ಇನ್ನೂ 17. ಕಾನೂನು ಬೇರೆನಾ?

ಬೇರೆ, ತುಂಬಾ ಕಟ್ಟುನಿಟ್ಟು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳು. ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ. ಹುಡುಗ ಹುಡುಗಿ ಇಬ್ಬರೂ ಇಷ್ಟಪಟ್ಟು ಹತ್ತಿರವಾಗಿದ್ದರೂ ಹುಡುಗನ ಮೇಲೆ ಕೇಸು ಆಗಬಹುದು. ಇದನ್ನು ಹುಡುಗರಿಗೆ ಯಾರೂ ಮೊದಲೇ ಹೇಳುವುದಿಲ್ಲ. 18 ಆಗದವರ ಲೈಂಗಿಕ ಫೋಟೊ ಹುಡುಕುವುದು, ಡೌನ್‌ಲೋಡ್ ಮಾಡುವುದು, "ನೋಡ್ರೋ" ಅಂತ ಗ್ರೂಪಿಗೆ ಹಾಕುವುದು ಎಲ್ಲವೂ ಅಪರಾಧ. ಗ್ರೂಪಿನಲ್ಲಿ ಬಂದರೆ ಫಾರ್ವರ್ಡ್ ಮಾಡಬೇಡಿ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ.

"ನೀ ಬಿಟ್ಟು ಹೋದರೆ ಸಾಯ್ತೀನಿ" ಅಂತ ಬ್ಲೇಡ್ ಫೋಟೊ ಕಳಿಸುತ್ತಾನೆ.

ಸುಳ್ಳು ಅಂತ ತಳ್ಳಿಹಾಕಬೇಡಿ, ಅದಕ್ಕಾಗಿ ಉಳಿದುಕೊಳ್ಳಲೂ ಬೇಡಿ. ಅವನ ಅಣ್ಣನಿಗೋ, ರೂಮ್‌ಮೇಟ್‌ಗೋ ತಕ್ಷಣ ಫೋನ್ ಮಾಡಿ, "ಅವನನ್ನು ಒಬ್ಬನೇ ಬಿಡಬೇಡಿ" ಅಂತ ಹೇಳಿ. ಅಪಾಯ ಈಗಲೇ ಇದೆ ಅನ್ನಿಸಿದರೆ ತುರ್ತು ನಂಬರ್ 112. ಅವನಿಗೆ 14416 ಕಳಿಸಿ. ನೀವು ಇಷ್ಟು ಮಾಡಿದರೆ ಮನುಷ್ಯರು ಮಾಡಬೇಕಾದ್ದನ್ನು ಮಾಡಿದ ಹಾಗೆ. ಒಬ್ಬರ ಜೀವ ಉಳಿಸುವ ಕೆಲಸವನ್ನು ಹತ್ತೊಂಬತ್ತು ವರ್ಷದ ಹುಡುಗಿ ರಾತ್ರಿಯೆಲ್ಲ ಚಾಟ್ ಮಾಡುತ್ತಾ ಒಬ್ಬಳೇ ಹೊರಲು ಆಗುವುದಿಲ್ಲ.

ಗಾರ್ಡನ್‌ನಲ್ಲಿ ಕೂತಿದ್ದಾಗ ಯಾರೋ ವಿಡಿಯೊ ಮಾಡಿಕೊಂಡು "ನಿಮ್ಮ ಮನೆಗೆ ಕಳಿಸ್ತೀವಿ" ಅಂದರು.

ಹೀಗೆ ಬೆದರಿಸಿ ದುಡ್ಡು ಕೇಳಿದರೆ ಅದು ಸುಲಿಗೆ. ಜಾತಿ, ಧರ್ಮ ಬೇರೆ ಇದ್ದರೆ ಇಂಥವರಿಗೆ ಧೈರ್ಯ ಜಾಸ್ತಿ. ವಯಸ್ಸಿಗೆ ಬಂದ ಇಬ್ಬರ ಆಯ್ಕೆಯಲ್ಲಿ ಗುಂಪುಗಳು ಕೈ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅಲ್ಲೇ ವಾದಕ್ಕೆ ನಿಲ್ಲಬೇಡಿ. ಜನ ಇರುವ ಕಡೆ ನಡೆಯಿರಿ, 112ಕ್ಕೆ ಫೋನ್ ಮಾಡಿ.

ಪೊಲೀಸರ ಹತ್ತಿರ ಹೋದರೆ ನನ್ನನ್ನೇ ಬೈಯುವುದಿಲ್ವಾ?

ಕೆಲವರು ಬೈಯುತ್ತಾರೆ. ಸುಳ್ಳು ಹೇಳಲಾರೆ. "ಯಾಕ ಬೇಕಿತ್ತವ್ವಾ ನಿನಗಿದು" ಅನ್ನುವ ಮಾತು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ. ತುಂಬಾ ಚೆನ್ನಾಗಿ ನಡೆದುಕೊಂಡವರನ್ನೂ ನೋಡಿದ್ದೇನೆ. ಅದಕ್ಕೇ ಒಬ್ಬರೇ ಹೋಗಬೇಡಿ. ಗೆಳತಿ, ಲೆಕ್ಚರರ್, ವಕೀಲರು, ಯಾರಾದರೂ ಇರಲಿ. ದೂರನ್ನು ಮೊದಲೇ ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆದುಕೊಂಡು ಹೋಗಿ. ಮಾತು ತೊದಲಿದರೂ ಹಾಳೆ ಹೇಳುತ್ತದೆ.

ಬೇಡ ಅಂದರೂ ಹಿಂದೆ ಬೀಳುವುದು, ಹೆಣ್ಣುಮಗಳು ಇಂಟರ್ನೆಟ್‌ನಲ್ಲಿ ಏನು ಮಾಡುತ್ತಾಳೆ ಅಂತ ಕಾವಲು ಕಾಯುವುದು, ಎರಡೂ ನ್ಯಾಯ ಸಂಹಿತೆಯ 78ನೇ ಕಲಂ ಕೆಳಗೆ ಬರುತ್ತವೆ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. "ಇದು ನಮ್ಮ ಠಾಣೆಗೆ ಬರಲ್ಲ, ಅಲ್ಲಿಗೆ ಹೋಗಿ" ಅಂದರೆ ‘ಝೀರೊ ಎಫ್‌ಐಆರ್’ ಅನ್ನಿ. ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸಬೇಕು ಅಂತ ಕಾನೂನು ಇದೆ. ಮನೆಯಿಂದಲೇ ಮಾಡುವುದಾದರೆ ಸೈಬರ್ ಅಪರಾಧ ಸಹಾಯವಾಣಿ 1930, ಅಥವಾ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್. ಅದರಲ್ಲಿ ಹೆಂಗಸರು, ಮಕ್ಕಳ ವಿಷಯಕ್ಕೆ ಬೇರೆ ವಿಭಾಗ ಇದೆ. ಹೆಸರು ಹೇಳದೆ ವರದಿ ಮಾಡುವ ದಾರಿಯೂ ಅಲ್ಲಿದೆ. 181 ಮಹಿಳಾ ಸಹಾಯವಾಣಿ. ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ವಕೀಲರ ಸಲಹೆ, ಕೌನ್ಸೆಲಿಂಗ್ ಎರಡೂ ಒಂದೇ ಕಡೆ ಸಿಗುತ್ತವೆ.

ಬಿಟ್ಟುಬಿಡಬೇಕು ಅಂತ ತೀರ್ಮಾನ ಮಾಡಿದ್ದೀನಿ. ಹೇಗೆ ಹೇಳಲಿ?

ತೀರ್ಮಾನ ಹೇಳುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ಹಾಗಾಗಿ ಹೇಳುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಸ್ಕ್ರೀನ್‌ಶಾಟ್ ಒಬ್ಬರ ಹತ್ತಿರ ಸೇರಿಸಿ, ನಿಮ್ಮದೇ ಹೆಸರಿನ ಸಿಮ್ ತೆಗೆದುಕೊಳ್ಳಿ, ಅದರಿಂದ ಹೊಸ ಖಾತೆ ಮಾಡಿಕೊಳ್ಳಿ. ಪಿ.ಜಿ.ಯ ಗೆಳತಿಗೆ ತಿಳಿಸಿ. ಆಮೇಲೆ ಒಂದೇ ಸಲ, ಸ್ಪಷ್ಟವಾಗಿ, ಮೆಸೇಜಿನಲ್ಲಿ ಹೇಳಿದರೂ ಸಾಕು. "ಫೋನಿನಾಗ ಹೇಳಿ ಬಿಡೋದು ಮರ್ಯಾದಿ ಅಲ್ಲ" ಅಂತ ಹೇಳುತ್ತಾರೆ. ಹೆದರಿಸಿದವನಿಗೆ ಆ ಮರ್ಯಾದೆ ನೀವು ಸಾಲ ಇಟ್ಟುಕೊಂಡಿಲ್ಲ. ‘ಕೊನೆಯ ಭೇಟಿ’ಗೆ ಕೋಟೆಗೋ, ಬುದ್ಧ ವಿಹಾರಕ್ಕೋ, ಯಾರದೋ ರೂಮಿಗೋ ಹೋಗಬೇಡಿ. ಕೆಲವು ದಿನ ಓಡಾಡುವ ದಾರಿ, ಬಸ್ಸಿನ ಹೊತ್ತು ಬದಲಾಯಿಸಿ, ಜೊತೆಗೆ ಒಬ್ಬರಿರಲಿ.

ಮನೆಯಲ್ಲಿ ಗೊತ್ತಾದರೆ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆ. ಯಾರಿಗೆ ಹೇಳಲಿ?

ಇಷ್ಟು ವರ್ಷ ಚೀಟಿ ಓದಿ ನನಗೆ ಒಂದು ವಿಷಯ ಖಾತ್ರಿ ಆಗಿದೆ. ಕಾವಲು ಕಾಯುವವನ ಕೈಯಲ್ಲಿರುವ ದೊಡ್ಡ ಆಯುಧ ಫೋಟೊ ಅಲ್ಲ, ಆಪ್ ಅಲ್ಲ. "ನಿಮ್ಮಪ್ಪಗ ಹೇಳ್ತೀನಿ" ಅನ್ನುವ ಮಾತು. ಮನೆಯ ಹೆದರಿಕೆ ಎಷ್ಟು ದೊಡ್ಡದೋ ಅವನ ಹಗ್ಗ ಅಷ್ಟು ಗಟ್ಟಿ. ಬೇಡ ಅನ್ನುವ ಶಕ್ತಿ ಇರುವ ಹುಡುಗಿಯರೂ ಇದೊಂದಕ್ಕೆ ಕೈ ಕಟ್ಟಿ ಕೂರುತ್ತಾರೆ.

ಆದ್ದರಿಂದ ಒಬ್ಬರನ್ನು ಆರಿಸಿಕೊಳ್ಳಿ. ಅಪ್ಪನೇ ಆಗಬೇಕಿಲ್ಲ. ಚಿಕ್ಕಮ್ಮ, ಅತ್ತಿಗೆ, ಮದುವೆಯಾದ ಅಕ್ಕ, ಹಾಸ್ಟೆಲ್ ವಾರ್ಡನ್, ಒಬ್ಬ ಲೆಕ್ಚರರ್. ಸಿಟ್ಟು ಬಂದರೂ ಸಿಟ್ಟಿನಲ್ಲಿ ಕೆಲಸ ಮಾಡದವರು ಯಾರು ಅಂತ ಯೋಚಿಸಿ. ಮೊದಲ ವಾಕ್ಯ ಹೀಗಿರಲಿ: "ನನಗ ಒಬ್ಬ ತ್ರಾಸ ಕೊಡ್ಲತ್ತಾನ. ನನಗ ನಿಮ್ಮ ಸಹಾಯ ಬೇಕು. ಪೂರಾ ಕೇಳ್ರಿ, ಆಮ್ಯಾಲ ಬೈರಿ." ಪ್ರೀತಿಯ ಕಥೆ ಮೊದಲಿನಿಂದ ಹೇಳಬೇಕಾಗಿಲ್ಲ. ಅಪಾಯದಿಂದ ಶುರು ಮಾಡಿ.

ಇದನ್ನು ಮಾಡಿದ ಹುಡುಗಿಯರಲ್ಲಿ ಎಲ್ಲರಿಗೂ ಒಳ್ಳೆಯದೇ ಆಯಿತು ಅಂತ ನಾನು ಹೇಳುವುದಿಲ್ಲ. ಒಬ್ಬಳ ಓದು ನಿಂತಿತು. ಅದು ನನಗೆ ಇನ್ನೂ ಚುಚ್ಚುತ್ತದೆ. ಆದರೆ ಮನೆಗೆ ಗೊತ್ತಾದ ದಿನ ಆ ಹುಡುಗನ ಫೋನ್ ಬರುವುದು ನಿಂತದ್ದನ್ನೂ ಎಷ್ಟೋ ಸಲ ನೋಡಿದ್ದೇನೆ.

ನಾನು ತಂದೆ. ಮಗಳ ಫೋನ್ ಕಿತ್ತುಕೊಂಡರೆ ಎಲ್ಲ ಸರಿಹೋಗುವುದಿಲ್ವಾ?

ಪಾಲಕರ ಸಭೆಯಲ್ಲಿ ಜೇವರ್ಗಿ ಕಡೆಯ ಒಬ್ಬ ರೈತರು ಎದ್ದು ನಿಂತು ಕೇಳಿದ್ದು ಇದು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು.

ಫೋನ್ ಕಿತ್ತುಕೊಂಡರೆ ಮಗಳ ಹತ್ತಿರ ಇರುವ ಸಾಕ್ಷಿ ನಿಮ್ಮ ಕೈಯಲ್ಲೇ ಹಾಳಾಗುತ್ತದೆ. 112 ಒತ್ತುವ ದಾರಿಯೂ ಹೋಗುತ್ತದೆ. ಅವಳು ಕಲಿಯುವ ಪಾಠ ಒಂದೇ, "ಅಪ್ಪನಿಗೆ ಹೇಳಬಾರದಿತ್ತು." ಮುಂದಿನ ಸಲ ಇನ್ನೊಂದು ಫೋನ್ ಬರುತ್ತದೆ, ಬ್ಯಾಗಿನ ತಳದಲ್ಲಿ. ಅದನ್ನು ಕೊಡಿಸುವವನು ಯಾರು ಅಂತ ಮೇಲೆ ಬರೆದಿದ್ದೇನೆ. ಮಗಳಿಗೆ ಫೋನ್ ಬೇಕಾದರೆ ನೀವೇ ಕೊಡಿಸಿ, ಸಿಮ್ ಅವಳ ಹೆಸರಿನಲ್ಲೇ ಇರಲಿ. ಮಗನ ಜೊತೆಗೂ ಇದೇ ಮಾತು ಆಡಿ. ಹುಡುಗಿಯ ಹಿಂದೆ ಬೈಕ್ ತೆಗೆದುಕೊಂಡು ಹೋಗುವವನು ಯಾರದೋ ಮನೆಯ ಮಗನೇ.

ಆ ತಂದೆ ಮತ್ತೆ ಕೇಳಿದರು, "ಆಕಿ ಹೇಳಿದ ಕೂಡ್ಲೆ ನನಗ ಸಿಟ್ಟು ಬಂದೇ ಬರ್ತದರಿ. ಆಗ ಏನಂತ ಮಾತಾಡ್ಬೇಕು?" ನಾನು ಉತ್ತರ ಕೊಡುವ ಮೊದಲೇ ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ತಾಯಿ ಹೇಳಿದರು. "‘ಹೇಳಿದ್ದು ಛಲೋ ಮಾಡಿದಿ’ ಅನ್ರಿ. ಅಷ್ಟ ಅಂದು ಎದ್ದು ಹೊರಗ ಹೋಗ್ರಿ. ಸಿಟ್ಟು ಇಳಿದ ಮ್ಯಾಲ ಒಳಗ ಬರ್ರಿ." ಆ ತಂದೆ ಅದನ್ನು ಸಣ್ಣ ಡೈರಿಯಲ್ಲಿ ಬರೆದುಕೊಂಡರು.